ಎಸಿ ಇದ್ದರೂ ಸರ್ವರ್ ರ‍್ಯಾಕ್ ಯಾಕೆ ಕಾಯುತ್ತದೆ?

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮ ಆಫೀಸು. ಚಿಕ್ಕ ರೂಮಿನಲ್ಲಿ ಒಂದು ರ‍್ಯಾಕ್. ಅದರಲ್ಲಿ ಎರಡು ಸರ್ವರ್, ಒಂದು ನೆಟ್‌ವರ್ಕ್ ಸ್ವಿಚ್, ಯುಪಿಎಸ್. ಒಂದು ಟನ್ನಿನ ಎಸಿ ಹಗಲೂ ರಾತ್ರಿ ಓಡುತ್ತದೆ. ಆದರೂ ಬೇಸಿಗೆಯಲ್ಲಿ ಮೇಲಿನ ಸರ್ವರ್ ಬಿಸಿಯಾಗಿ ತಾನಾಗಿಯೇ ಆಫ್ ಆಗುತ್ತದೆ. ರ‍್ಯಾಕಿನ ಬಾಗಿಲು ತೆಗೆದು ಫ್ಯಾನ್ ಇಟ್ಟರೂ ಅಷ್ಟೇ. ದೊಡ್ಡ ಎಸಿ ಹಾಕಿಸಬೇಕಾ?

ಉತ್ತರ: ತಡೆಯಿರಿ, ಈಗಲೇ ದುಡ್ಡು ಸುರಿಯಬೇಡಿ. ಸರ್ವರ್ ಎಳೆಯುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುತ್ತದೆ. ನಿಮ್ಮ ಸಾಮಾನೆಲ್ಲ ಸೇರಿ 1,000 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಒಂದು ಟನ್ನಿನ ಎಸಿ ಸುಮಾರು 3,500 ವ್ಯಾಟ್ ಬಿಸಿಯನ್ನು ಹೊರಗೆ ಹಾಕಬಲ್ಲದು. ನಮ್ಮೂರಿನ ತಾರಸಿ ಕಾವು ಸೇರಿಸಿದರೂ ಚಿಕ್ಕ ರೂಮಿಗೆ ಸಾಮಾನ್ಯವಾಗಿ ಸಾಲುತ್ತದೆ. ತೊಂದರೆ ಇರುವುದು ಗಾಳಿಯ ದಾರಿಯಲ್ಲಿ.

ಸರ್ವರ್ ಮುಂದಿನಿಂದ ತಂಪು ಗಾಳಿ ಎಳೆದು ಹಿಂದಿನಿಂದ ಬಿಸಿ ಗಾಳಿ ಬಿಡುತ್ತದೆ. ರ‍್ಯಾಕಿನಲ್ಲಿ ಖಾಲಿ ಜಾಗ ಬಿಟ್ಟಿದ್ದರೆ ಆ ಬಿಸಿ ಗಾಳಿ ಅಲ್ಲಿಂದಲೇ ನುಸುಳಿ ಮತ್ತೆ ಮುಂದಕ್ಕೆ ಬರುತ್ತದೆ. ಬಿಸಿ ಗಾಳಿ ಮೇಲಕ್ಕೇರುವುದರಿಂದ ಮೊದಲು ಒದ್ದಾಡುವುದು ಮೇಲಿನ ಸರ್ವರ್ರೇ. ನಿಮ್ಮಲ್ಲಿ ಆಗುತ್ತಿರುವುದೂ ಇದೇ ಇರಬೇಕು. ಖಾಲಿ ಜಾಗಕ್ಕೆಲ್ಲ ಬ್ಲ್ಯಾಂಕಿಂಗ್ ಪ್ಯಾನೆಲ್, ಅಂದರೆ ಸಂದಿ ಮುಚ್ಚುವ ಪಟ್ಟಿ, ಹಾಕಿಸಿ. ಹೊಸ ಎಸಿಯ ಬೆಲೆಗೆ ಹೋಲಿಸಿದರೆ ಇದು ಏನೂ ಅಲ್ಲ. ಸ್ಟ್ಯಾಂಡ್ ಫ್ಯಾನ್ ತೆಗೆದುಬಿಡಿ, ಅದು ಬಿಸಿ ಗಾಳಿಯನ್ನೂ ತಂಪು ಗಾಳಿಯನ್ನೂ ಕಲಸುತ್ತದೆ ಅಷ್ಟೇ. ಮುಂದಿನ ಬಾಗಿಲು ಗಾಜಿನದಾದರೆ ಮಾತ್ರ ತೆಗೆದಿಡುವುದು ಸರಿ. ಆಮೇಲೆ ಜಾಲರಿ ಬಾಗಿಲು ಹಾಕಿಸಿಕೊಳ್ಳಿ. ಎಸಿ ಗಾಳಿ ರ‍್ಯಾಕಿನ ಮುಂಭಾಗಕ್ಕೆ ಬರಬೇಕು, ಬೆನ್ನಿಗಲ್ಲ. ಸ್ವಿಚ್ ಯಾವ ಕಡೆಗೆ ಗಾಳಿ ಬಿಡುತ್ತದೆ ಅಂತಲೂ ಕೈಯಿಟ್ಟು ನೋಡಿ. ಕೆಲವು ಪಕ್ಕಕ್ಕೆ ಬಿಡುತ್ತವೆ, ಕೆಲವು ಸರ್ವರ್‌ಗೆ ತೀರಾ ಉಲ್ಟಾ.

ಜೋಡಣೆ ಬದಲಿಸುವುದಾದರೆ ಎಲ್ಲ ಆಫ್ ಮಾಡಿ, ಇಬ್ಬರು ಸೇರಿ ಮಾಡಿ. ಬ್ಯಾಟರಿ ಇರುವ ಯುಪಿಎಸ್ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಸರ್ವರ್‌ಗಳು, ಹಗುರವಾದ ಸ್ವಿಚ್ ಮೇಲೆ. ಸರ್ವರ್ ಜಾರುವ ರೈಲಿನ ಮೇಲೆ ಒಂದು ಸಲಕ್ಕೆ ಒಂದನ್ನೇ ಎಳೆಯಿರಿ. ಎರಡನ್ನು ಒಟ್ಟಿಗೆ ಎಳೆದರೆ ರ‍್ಯಾಕೇ ಮುಂದಕ್ಕೆ ವಾಲಿ ಮೈಮೇಲೆ ಬೀಳಬಹುದು. ಅದಕ್ಕೇ ರ‍್ಯಾಕನ್ನು ನೆಲಕ್ಕೆ ಬೋಲ್ಟ್ ಮಾಡಿಸಿ. ಕಬ್ಬಿಣದ ಚೌಕಟ್ಟಿಗೆ ಅರ್ತ್ ವೈರ್ ಕೊಡುವುದನ್ನು ಯಾವ ಕಾರಣಕ್ಕೂ ಬಿಡಬೇಡಿ.

ಕೇಜ್ ನಟ್, ಅಂದರೆ ಸ್ಕ್ರೂ ಹಿಡಿಯಲು ಚೌಕಟ್ಟಿನ ತೂತಿಗೆ ಸಿಕ್ಕಿಸುವ ನಟ್, ಕೂರಿಸುವಾಗ ತೂತುಗಳನ್ನು ಹತ್ತಿರದಿಂದ ನೋಡಿ. ರ‍್ಯಾಕಿನ ಎತ್ತರವನ್ನು ‘ಯು’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಯು ಅಂದರೆ 1.75 ಇಂಚು ಎತ್ತರ, ಅದರಲ್ಲಿ ಮೂರು ತೂತು. ತೂತುಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಅಲ್ಲ. ಎರಡು ಕಡೆ 15.9 ಮಿಲಿಮೀಟರ್, ಮೂರನೆಯದು 12.7. ಆ ಕಿರಿದಾದ ಜಾಗದ ನಡುವೆಯೇ ಒಂದು ಯು ಮುಗಿದು ಇನ್ನೊಂದು ಶುರು. ಇದನ್ನು ಗಮನಿಸದೆ ಒಂದು ತೂತು ಆಚೀಚೆ ಮಾಡಿದರೆ ಮೇಲೆ ಕೆಳಗೆ ಸಂದಿ ಉಳಿಯುತ್ತದೆ. ಅಲ್ಲಿಗೆ ಪ್ಯಾನೆಲ್ಲೂ ಕೂರುವುದಿಲ್ಲ, ಬಿಸಿ ಗಾಳಿಗೆ ಮತ್ತೆ ದಾರಿ ಆಯಿತು ಅಲ್ವಾ?

ಕರೆಂಟ್ ಹೋದಾಗಿನ ಕಥೆ ಬೇರೆ. ಯುಪಿಎಸ್ ಸರ್ವರನ್ನು ಓಡಿಸುತ್ತದೆ, ಆದರೆ ಎಸಿ ನಿಂತಿರುತ್ತದೆ. ಮುಚ್ಚಿದ ಚಿಕ್ಕ ರೂಮು ಬೇಗ ಕಾಯುತ್ತದೆ. ಹಾಗಾಗಿ ಬ್ಯಾಟರಿ ಖಾಲಿಯಾಗುವ ತನಕ ಕಾಯದೆ, ಕೆಲವು ನಿಮಿಷಗಳಲ್ಲೇ ಸರ್ವರ್ ಸರಿಯಾಗಿ ಶಟ್‌ಡೌನ್ ಆಗುವಂತೆ ಯುಪಿಎಸ್ ಸಾಫ್ಟ್‌ವೇರಿನಲ್ಲಿ ಸೆಟ್ ಮಾಡಿ.

ಇಷ್ಟಾದ ಮೇಲೆ ಒಂದು ಸಾದಾ ಥರ್ಮಾಮೀಟರನ್ನು ಮೇಲಿನ ಸರ್ವರ್ ಮುಂದೆ ಇಟ್ಟು ಮಟಮಟ ಮಧ್ಯಾಹ್ನ ನೋಡಿ. ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ ಅನ್ನುವುದು ಎಸಿ, ಕೂಲಿಂಗ್ ಇಂಜಿನಿಯರುಗಳ ಅಮೆರಿಕದ ಆಶ್ರೇ ಸಂಸ್ಥೆಯ ಶಿಫಾರಸು. ಅಷ್ಟರೊಳಗಿದ್ದರೆ ಇರುವ ಎಸಿಯೇ ಸಾಕು. ಇನ್ನೂ ಜಾಸ್ತಿ ತೋರಿಸಿದರೆ ಮೊದಲು ಎಸಿಯ ಫಿಲ್ಟರ್, ಸರ್ವರಿನ ಧೂಳು ಕ್ಲೀನ್ ಮಾಡಿಸಿ, ಆಮೇಲೆ ದೊಡ್ಡ ಎಸಿಯ ಮಾತು.