ಪದ ಪರಿಚಯ: ಅನುದಾನ, ವಿದ್ಯಾರ್ಥಿವೇತನ, ಪ್ರಶಸ್ತಿ

ಶಿಕ್ಷಕರಿಗೆ, ಶಿಕ್ಷಕರಾಗಲು ಓದುತ್ತಿರುವವರಿಗೆ ಸಿಗುವ ನೆರವಿನ ವಿಷಯ ಬಂದಾಗಲೆಲ್ಲ ಈ ಮೂರು ಪದಗಳು ಒಟ್ಟಿಗೇ ಬರುತ್ತವೆ. ಮೂರರಲ್ಲೂ ದುಡ್ಡು ಬರುತ್ತದೆ, ಎಲ್ಲ ಒಂದೇ ಅಲ್ವಾ ಅನಿಸುವುದು ಸಹಜ. ಆದರೆ ದುಡ್ಡು ಯಾತಕ್ಕೆ ಕೊಟ್ಟರು, ಕೈಗೆ ಬಂದ ಮೇಲೆ ನಾವೇನು ಮಾಡಬೇಕು ಅನ್ನುವಲ್ಲಿ ಮೂರರ ದಾರಿಯೂ ಬೇರೆ.

ಪ್ರಶಸ್ತಿ ಅಂದರೆ ಹೊಗಳಿಕೆ. ಹಳೆಯ ಶಾಸನಗಳಲ್ಲಿ ರಾಜನನ್ನು ಕೊಂಡಾಡುವ ಭಾಗಕ್ಕೂ ಇದೇ ಹೆಸರು. ಮಾಡಿದ ಕೆಲಸವನ್ನು ಮೆಚ್ಚಿ ಕೊಡುವುದರಿಂದ ಸಾಮಾನ್ಯವಾಗಿ ಯಾರೂ ಖರ್ಚಿನ ಬಿಲ್ ಕೇಳುವುದಿಲ್ಲ. 2020ರಲ್ಲಿ ಮಹಾರಾಷ್ಟ್ರದ ಶಿಕ್ಷಕ ರಂಜಿತ್‌ಸಿಂಹ ಡಿಸಲೆ ಅವರಿಗೆ 10 ಲಕ್ಷ ಡಾಲರ್‌ಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅದರಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಎಂಥ ದೊಡ್ಡ ಮನಸ್ಸು! ಅನುದಾನದ ದುಡ್ಡನ್ನು ಹೀಗೆ ಹಂಚಲು ಬರುವುದಿಲ್ಲ.

ವಿದ್ಯಾರ್ಥಿವೇತನದಲ್ಲಿ 'ವೇತನ' ಇದೆ, ಆದರೆ ಅದು ಸಂಬಳ ಅಲ್ಲ. ಓದುವವರ ಖರ್ಚಿಗೆ ಆಸರೆ. ಇಲ್ಲಿ ಹೆಸರಿಗಿಂತ ಷರತ್ತು ಮುಖ್ಯ. ಅಮೆರಿಕದ 'ಟೀಚ್ ಗ್ರ್ಯಾಂಟ್' ನೋಡಿ. ಹೆಸರಲ್ಲಿ ಗ್ರ್ಯಾಂಟ್, ಅಂದರೆ ಅನುದಾನ, ಅಂತ ಇದ್ದರೂ ಅದು ಹೋಗುವುದು ಶಿಕ್ಷಕರಾಗಲು ಓದುವವರಿಗೆ, ವರ್ಷಕ್ಕೆ ಹೆಚ್ಚೆಂದರೆ 4,000 ಡಾಲರ್. ಓದು ಮುಗಿಸಿದ ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಪಾಠ ಮಾಡಬೇಕು. ಅದೂ ಬಡ ಮಕ್ಕಳು ಜಾಸ್ತಿ ಇರುವ ಶಾಲೆಯಲ್ಲಿ, ಶಿಕ್ಷಕರ ಕೊರತೆ ಇರುವ ವಿಷಯದಲ್ಲಿ. ಮಾಡದಿದ್ದರೆ ಪೂರ್ತಿ ಹಣ ಸಾಲವಾಗುತ್ತದೆ, ಹಣ ಕೊಟ್ಟ ದಿನದಿಂದಲೇ ಬಡ್ಡಿ ಲೆಕ್ಕ. ಸಹಿ ಹಾಕುವ ಮೊದಲು ಷರತ್ತಿನ ಪುಟವನ್ನು ಎರಡು ಸಲ ಓದಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ಅನುದಾನ. ಪದದೊಳಗೆ 'ದಾನ' ಕೂತಿದೆ, ಅದೇ ಹಲವರನ್ನು ದಾರಿ ತಪ್ಪಿಸುತ್ತದೆ. ದಾನ ಕೊಟ್ಟವರು ಲೆಕ್ಕ ಕೇಳುವುದಿಲ್ಲ. ಅನುದಾನ ಕೊಟ್ಟವರು ಕೇಳೇ ಕೇಳುತ್ತಾರೆ. ಇದು ಮುಂದೆ ಮಾಡಲಿರುವ ಒಂದು ಕೆಲಸಕ್ಕೆ ಕೊಡುವ ಹಣ. ಹಾಗಾಗಿ ಅರ್ಜಿಯಲ್ಲಿ ಆ ಕೆಲಸ ಕಣ್ಣಿಗೆ ಕಟ್ಟಬೇಕು. 'ಮಕ್ಕಳಲ್ಲಿ ವಿಜ್ಞಾನದ ಆಸಕ್ತಿ ಬೆಳೆಸಲು' ಅಂತ ಸುಮ್ನೆ ಬರೆದರೆ ಯಾವ ಶಾಲೆಗೂ ಹೊಂದುತ್ತದೆ. ಅದರ ಬದಲು ಹೀಗೆ ಬರೆಯಬಹುದು: 'ತರಗತಿಯಲ್ಲಿ 40 ಮಕ್ಕಳಿದ್ದಾರೆ, ಮೈಕ್ರೋಸ್ಕೋಪ್ ಒಂದೇ. ಈರುಳ್ಳಿ ಸಿಪ್ಪೆ ನೋಡಲು ಸಾಲು ನಿಲ್ಲುತ್ತಾರೆ, ಅರ್ಧ ಸಾಲು ಮುಗಿಯುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಇನ್ನೂ ನಾಲ್ಕು ಸಿಕ್ಕರೆ ಎಂಟು ಮಕ್ಕಳಿಗೆ ಒಂದರಂತೆ ಆಗುತ್ತದೆ.' ಓದಿದವರಿಗೆ ಆ ಸಾಲಿನ ಕೊನೆಯಲ್ಲಿ ನಿಂತ ಮಗು ಕಾಣುತ್ತದೆ. ಏನು ಬೇಕು, ಯಾತಕ್ಕೆ ಅನ್ನುವುದೂ ತಾನಾಗಿಯೇ ತಿಳಿಯುತ್ತದೆ.

ಹಣ ಬಂದ ಮೇಲೆ ಬಿಲ್‌ಗಳನ್ನು ಒಂದೇ ಫೈಲಿನಲ್ಲಿ ಇಡಿ. ಮೈಕ್ರೋಸ್ಕೋಪ್‌ಗೆ ಅಂತ ಬಂದದ್ದನ್ನು ಪ್ರೊಜೆಕ್ಟರ್‌ಗೆ ಬಳಸಬೇಕಾಗಿ ಬಂದರೆ ಮೊದಲು ಒಪ್ಪಿಗೆ ಪಡೆಯಿರಿ. ಕೊಂಡ ಸಾಮಾನು ಶಾಲೆಯ ದಾಸ್ತಾನು ಪುಸ್ತಕಕ್ಕೆ ಸೇರಲಿ. ಆಗ ಅರ್ಜಿ ಬರೆದ ಶಿಕ್ಷಕರಿಗೆ ವರ್ಗವಾದರೂ ಆ ನಾಲ್ಕು ಮೈಕ್ರೋಸ್ಕೋಪ್ ಅಲ್ಲೇ ಇರುತ್ತವೆ, ಮುಂದಿನ ವರ್ಷದ ಮಕ್ಕಳಿಗೂ ಸಿಗುತ್ತವೆ.