ಕಂಡೀಷನಲ್ ವಾಕ್ಯ: ‘ರೆ’ ಬಲ್ಲ ಮಗುವಿಗೆ ‘ಇಫ್’ ಕಲಿಸುವುದು

‘ಮಳೆ ಬಂದರೆ ಆಟ ಇಲ್ಲ.’ ಒಂದು ನಡೆದರೆ ಇನ್ನೊಂದು ನಡೆಯುತ್ತದೆ ಎನ್ನುವ ಇಂಥ ಮಾತಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಕಂಡೀಷನಲ್ ಸೆಂಟೆನ್ಸ್ ಎಂದು ಹೆಸರು. ಷರತ್ತಿನ ವಾಕ್ಯ ಅನ್ನಿ. ಎಸ್‌ಎಸ್‌ಎಲ್‌ಸಿ ಮಕ್ಕಳು ‘ಇಫ್ ಕ್ಲಾಜ್’ ಅಂತ ಉರು ಹೊಡೆಯುವುದು ಇದನ್ನೇ. ಇದರಲ್ಲಿ ಎರಡು ಭಾಗ: ಇಫ್ ಇರುವ ಷರತ್ತು, ಅದರಿಂದ ಆಗುವ ಫಲ.

ಪುಸ್ತಕಗಳಲ್ಲಿ ಸೊನ್ನೆಯಿಂದ ಮೂರರವರೆಗೆ ನಾಲ್ಕು ಬಗೆ ಇರುತ್ತವೆ. ಯಾವಾಗಲೂ ನಿಜವಾದದ್ದು ಸೊನ್ನೆ: ಐಸ್ ಕಾಯಿಸಿದರೆ ಕರಗುತ್ತದೆ. ಮುಂದೆ ಆಗಬಹುದಾದದ್ದು ಒಂದು. ಬರೀ ಕಲ್ಪನೆ ಎರಡು. ಆಗಿಹೋದದ್ದಕ್ಕೆ ಕೈ ಹಿಸುಕಿಕೊಳ್ಳುವುದು ಮೂರು. ನಾಲ್ಕನೇ, ಐದನೇ ತರಗತಿಯ ಮಗುವಿಗೆ ಈ ನಂಬರುಗಳೇ ಬೇಡ. ಸೊನ್ನೆ, ಒಂದು ಈ ಎರಡು ಬಗೆ ಬಾಯಲ್ಲಿ ಆಡಲು ಬಂದರೆ ಸಾಕು.

ಜಾಸ್ತಿ ಎಡವುವುದು ಒಂದೇ ಕಡೆ. ನಾಳೆಯ ಮಾತು ಅಲ್ವಾ, ವಿಲ್ ಬೇಕಲ್ಲ ಅಂತ ಮಗು ‘ಇಫ್ ಇಟ್ ವಿಲ್ ರೇನ್’ ಎನ್ನುತ್ತದೆ. ಸರಿಯಾದದ್ದು ‘ಇಫ್ ಇಟ್ ರೇನ್ಸ್, ವಿ ವಿಲ್ ಪ್ಲೇ ಇನ್‌ಸೈಡ್’. ಇಲ್ಲಿ ವಿಲ್ ಫಲದ ಭಾಗಕ್ಕೆ ಮಾತ್ರ. ಸುಮ್ನೆ ನಿಯಮ ಬರೆಸುವ ಬದಲು ಮಗುವಿನ ಕನ್ನಡವನ್ನೇ ತೋರಿಸಿ. ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ದಿನ ನಾಳೆಯದು, ಆದರೂ ‘ಬಂದರೆ’ಯ ಒಳಗಿರುವುದು ಭೂತಕಾಲದ ‘ಬಂದ’. ತಿಂದರೆ, ಹೋದರೆ, ಬಿದ್ದರೆ ಎಲ್ಲವೂ ಹಾಗೇ. ಭವಿಷ್ಯದ ಗುರುತು ನಮ್ಮ ಷರತ್ತಿನಲ್ಲೂ ಇಲ್ಲ. (‘ಬರುವುದಾದರೆ’ ಅಂತ ಒಂದಿದೆ. ಅದರ ಧಾಟಿ ಬೇರೆ, ಮಕ್ಕಳಿಗೆ ಸದ್ಯಕ್ಕೆ ಬೇಡ.) ಆದರೆ ನಮ್ಮ ‘ರೆ’ ಕ್ರಿಯಾಪದದ ಕೊನೆಗೆ ಅಂಟುತ್ತದೆ, ಇಫ್ ಷರತ್ತಿನ ಮುಂದೆ ನಿಲ್ಲುತ್ತದೆ. ಷರತ್ತಿನ ಕೊನೆಯಲ್ಲೂ ಏನೋ ಬೇಕು ಅನ್ನಿಸಿಯೇ ಇರಬೇಕು, ಕೆಲವರು ‘ಇಫ್ ಯು ಕಮ್ ಮೀನ್ಸ್’ ಎನ್ನುವುದು!

ಅಭ್ಯಾಸಕ್ಕೆ ಸರಪಳಿ ಆಟ ಆಡಿಸಿ. ಮಕ್ಕಳನ್ನು ಸುತ್ತ ಕೂರಿಸಿ. ಒಬ್ಬಳು ‘ಇಫ್ ಇಟ್ ರೇನ್ಸ್, ಐ ವಿಲ್ ಗೆಟ್ ವೆಟ್’ ಎನ್ನಲಿ. ಪಕ್ಕದವನು ಅವಳ ಮಾತಿನ ತುದಿ ಹಿಡಿಯಬೇಕು: ‘ಇಫ್ ಐ ಗೆಟ್ ವೆಟ್, ಐ ವಿಲ್ ಕ್ಯಾಚ್ ಎ ಕೋಲ್ಡ್.’ ಮುಂದಿನವಳು: ‘ಇಫ್ ಐ ಕ್ಯಾಚ್ ಎ ಕೋಲ್ಡ್, ಐ ವಿಲ್ ಮಿಸ್ ಸ್ಕೂಲ್.’ ಒಬ್ಬರ ಫಲ ಇನ್ನೊಬ್ಬರಿಗೆ ಷರತ್ತಾಗುತ್ತದೆ, ಆಗೆಲ್ಲ ವಿಲ್ ಉದುರುತ್ತದೆ. ಅಷ್ಟು ಬಾಯಿ ದಾಟುವ ಹೊತ್ತಿಗೆ ಅದು ಕಿವಿಗೆ ಹತ್ತಿರುತ್ತದೆ. ನಡುವೆ ಹುಲಿ, ದೆವ್ವ, ಹೆಡ್‌ಮಾಸ್ಟರು ಎಲ್ಲ ಬರುತ್ತಾರೆ. ಬರಲಿ ಬಿಡಿ.

‘ಇಫ್ ಐ ಹ್ಯಾಡ್ ವಿಂಗ್ಸ್, ಐ ವುಡ್ ಫ್ಲೈ’ ಎನ್ನುವ ಎರಡನೇ ಬಗೆ ಸ್ವಲ್ಪ ದೊಡ್ಡ ಮಕ್ಕಳಿಗೆ. ಹ್ಯಾಡ್ ಭೂತಕಾಲದ ರೂಪ, ಮಾತು ಮಾತ್ರ ಈಗಿನದು. ಕನ್ನಡದಲ್ಲಿ ‘ರೆಕ್ಕೆ ಇದ್ದಿದ್ದರೆ ಹಾರುತ್ತಿದ್ದೆ’. ಆದರೆ ‘ನಿನ್ನೆ ದುಡ್ಡು ಇದ್ದಿದ್ದರೆ ಕೊಡುತ್ತಿದ್ದೆ’ ಎನ್ನುವಾಗಲೂ ನಮಗೆ ಅದೇ ‘ಇದ್ದಿದ್ದರೆ’. ಇಂಗ್ಲಿಷಿನಲ್ಲಿ ಅದು ಮೂರನೇ ಬಗೆ: ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್ ಇಟ್.’ ಹತ್ತನೇ ತರಗತಿಯವರೂ ಇವೆರಡನ್ನು ಕಲಸಿಕೊಳ್ಳುವುದು ಇದಕ್ಕೇ. ಎರಡನ್ನೂ ಒಂದೇ ವಾರದಲ್ಲಿ ತುರುಕಬೇಡಿ. ಕಲಿಸುವಾಗ ಪ್ರತಿ ವಾಕ್ಯಕ್ಕೂ ಮೊದಲು ‘ಈಗಿನದೋ, ಆಗಿಹೋದದ್ದೋ?’ ಎಂದು ಕೇಳಿ. ಎಷ್ಟು ಹ್ಯಾಡ್ ಹಾಕಬೇಕು ಅನ್ನುವ ಪ್ರಶ್ನೆ ಆಮೇಲಿನದು.