ಮಣ್ಣಿಗೊಂದು ಮಿತಿ, ಅಕ್ಕಿಗೊಂದು ಮಿತಿ

2011ರ ಏಪ್ರಿಲ್‌ನಲ್ಲಿ ಜಪಾನಿನ ಫುಕುಶಿಮಾ ಪ್ರಾಂತ್ಯದ ರೈತರಿಗೆ ಒಂದೇ ಚಿಂತೆ: ಈ ಸಲ ಭತ್ತ ನಾಟಿ ಮಾಡಬಹುದೇ, ಬಾರದೇ? ಮಾರ್ಚ್ 11ರ ಸುನಾಮಿಯ ನಂತರ ಪರಮಾಣು ಸ್ಥಾವರದಿಂದ ಹೊರಬಿದ್ದ ವಿಕಿರಣಶೀಲ ಸೀಸಿಯಂ ಗಾಳಿ, ಮಳೆಗಳ ಜೊತೆ ಗದ್ದೆಗಿಳಿದಿತ್ತು. ನಾಟಿ ಯಾರಿಗೂ ಕಾಯುವುದಿಲ್ಲ. ಸರ್ಕಾರ ಅವಸರದಲ್ಲಿ ಒಂದು ಮಿತಿ ಪ್ರಕಟಿಸಿತು: ಒಂದು ಕೆ.ಜಿ. ಮಣ್ಣಿನಲ್ಲಿ 5,000 ಬೆಕೆರೆಲ್. ಅದಕ್ಕಿಂತ ಹೆಚ್ಚಿದ್ದರೆ ನಾಟಿ ಇಲ್ಲ.

ಬೆಕೆರೆಲ್ ಎಂದರೆ ವಿಕಿರಣಶೀಲತೆಯ ಅಳತೆ: ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕೆರೆಲ್. ಆದರೆ ಐದು ಸಾವಿರವೇ ಏಕೆ? ಇದನ್ನು ಯಾರೂ ಮಣ್ಣನ್ನು ನೋಡಿ ಹೇಳಿದ್ದಲ್ಲ, ಅನ್ನದ ಬಟ್ಟಲಿನಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು. ಆಗ ಅಕ್ಕಿಗಿದ್ದ ತಾತ್ಕಾಲಿಕ ಮಿತಿ ಕೆ.ಜಿ.ಗೆ 500 ಬೆಕೆರೆಲ್. ಮಣ್ಣಿನಲ್ಲಿರುವುದರ ಹತ್ತರಲ್ಲೊಂದು ಪಾಲು ಅಕ್ಕಿಗೆ ಸೇರುತ್ತದೆ ಎಂದು ಹಿಡಿದರು. ಹಳೆಯ ಅಳತೆಗಳ ಪ್ರಕಾರ ಬಹುಪಾಲು ಗದ್ದೆಗಳಲ್ಲಿ ಸೇರುವುದು ಅದಕ್ಕಿಂತಲೂ ಕಡಿಮೆ. 500ನ್ನು ಹತ್ತರಿಂದ ಗುಣಿಸಿದರೆ 5,000. ಲೆಕ್ಕ ಸರಳವಾಗಿತ್ತು, ಸಾಕಷ್ಟು ಎಚ್ಚರಿಕೆಯದೂ ಆಗಿತ್ತು.

ಅಕ್ಟೋಬರ್‌ನಲ್ಲಿ ಪ್ರಾಂತ್ಯದ ಗವರ್ನರ್ ತಮ್ಮ ಅಕ್ಕಿ ಸುರಕ್ಷಿತ ಎಂದು ಘೋಷಿಸಿದರು. ಒಂದು ತಿಂಗಳು ಕಳೆಯುತ್ತಿದ್ದಂತೆ ಫುಕುಶಿಮಾ ನಗರದ ಒನಾಮಿ ಎಂಬಲ್ಲಿನ ಅಕ್ಕಿಯಲ್ಲಿ 630 ಬೆಕೆರೆಲ್ ಸಿಕ್ಕಿತು. ಅಲ್ಲಿಂದ ಅಕ್ಕಿ ಸಾಗಣೆ ನಿಂತಿತು.

ಎಡವಿದ್ದು ಎಲ್ಲಿ? ಸೀಸಿಯಂ ಜೇಡಿಕಣಗಳಿಗೆ ಕಚ್ಚಿಕೊಂಡು ಕೂತರೆ ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ರಾಸಾಯನಿಕವಾಗಿ ಅದು ಪೊಟ್ಯಾಸಿಯಂನ ದಾಯಾದಿ. ಪೊಟ್ಯಾಸಿಯಂ ಒದಗಿಸುವ ಪೊಟ್ಯಾಷ್ ಕಡಿಮೆಯಿರುವ ಗದ್ದೆಯಲ್ಲಿ ಹಸಿದ ಬೇರು ಅದರ ಬದಲು ಸೀಸಿಯಂ ಅನ್ನೇ ಎಳೆದುಕೊಳ್ಳುತ್ತದೆ. ಅಂದರೆ ಒಂದೇ ಬೆಕೆರೆಲ್‌ನ ಎರಡು ಗದ್ದೆಗಳು ಒಂದೇ ಅಲ್ಲ. ಮಣ್ಣಿಗೆ ಒಂದೇ ಮಿತಿ ಹಾಕಿ ನೆಮ್ಮದಿಯಾಗಿರುವ ಕಾಲ ಅಲ್ಲಿಗೆ ಮುಗಿಯಿತು ಎಂದೇ ನನ್ನ ಓದು. ಆಮೇಲಿನ ಸಲಹೆ ಬೇರೆಯೇ ಆಯಿತು: 100 ಗ್ರಾಂ ಒಣಮಣ್ಣಿಗೆ 25 ಮಿಲಿಗ್ರಾಂ ಪೊಟ್ಯಾಷ್ ಇರುವಂತೆ ನೋಡಿಕೊಳ್ಳಿ. ನಮ್ಮೂರ ಗೊಬ್ಬರದಂಗಡಿಯಲ್ಲೂ ಸಿಗುವ ವಸ್ತು ವಿಕಿರಣಕ್ಕೆ ಮದ್ದಾಯಿತು.

2012ರ ಏಪ್ರಿಲ್‌ನಿಂದ ಆಹಾರದ ಮಿತಿ 100ಕ್ಕಿಳಿಯಿತು. ಆ ವರ್ಷದ ಬೆಳೆಯಿಂದ ಮೊದಲ್ಗೊಂಡು ಪ್ರಾಂತ್ಯದ ಅಕ್ಕಿಯನ್ನು 30 ಕೆ.ಜಿ.ಯ ಒಂದೊಂದು ಚೀಲವನ್ನೂ ಬಿಡದೆ ಯಂತ್ರದಡಿ ಹಾಯಿಸಿದರು, ವರ್ಷಕ್ಕೆ ಸುಮಾರು ಒಂದು ಕೋಟಿ ಚೀಲ. ಮೊದಲ ವರ್ಷ ಮಿತಿ ಮೀರಿದ್ದು 71. 2015ರ ಬೆಳೆಯಿಂದ ಒಂದೂ ಇಲ್ಲ.

ಅನ್ನದ ಪ್ರಶ್ನೆ ಹೀಗೆ ಬಗೆಹರಿಯಿತು. ಕೆರೆದು ತೆಗೆದ ಮಣ್ಣಿನದು ಇನ್ನೂ ಬಗೆಹರಿದಿಲ್ಲ. ಸೀಸಿಯಂ ಹೆಚ್ಚಾಗಿ ಮೇಲಿನ ಐದು ಸೆಂಟಿಮೀಟರಿನಲ್ಲೇ ಇರುವುದರಿಂದ ಆ ಪದರವನ್ನೇ ತೆಗೆದು ದೊಡ್ಡ ದೊಡ್ಡ ಚೀಲಗಳಲ್ಲಿ ತುಂಬಿದರು. ರೈತನಿಗೆ ಅದೇ ತಲೆಮಾರುಗಳಿಂದ ಹದ ಮಾಡಿದ ಫಲವತ್ತಾದ ಪದರ. ಓಕುಮಾ, ಫುತಾಬಾ ಪಟ್ಟಣಗಳ ಮಧ್ಯಂತರ ಸಂಗ್ರಹಾಗಾರದಲ್ಲಿ ಈಗ ಸುಮಾರು 1.4 ಕೋಟಿ ಘನ ಮೀಟರ್ ಮಣ್ಣಿದೆ. 2045ರ ಮಾರ್ಚ್‌ನೊಳಗೆ ಅದನ್ನು ಫುಕುಶಿಮಾದಿಂದಾಚೆ ಅಂತಿಮವಾಗಿ ವಿಲೇವಾರಿ ಮಾಡಬೇಕೆಂದು ಕಾನೂನೇ ಹೇಳುತ್ತದೆ.

ಇಲ್ಲಿ ಮತ್ತೆರಡು ಸಂಖ್ಯೆಗಳ ಜಗಳ. ಕಳಚಿದ ಸ್ಥಾವರಗಳ ಕಬ್ಬಿಣ, ಕಾಂಕ್ರೀಟನ್ನು ಎಲ್ಲಿ ಬೇಕಾದರೂ ಮರುಬಳಸಲು ಇರುವ ಮಿತಿ ಕೆ.ಜಿ.ಗೆ 100 ಬೆಕೆರೆಲ್. 2016ರಲ್ಲಿ ಪರಿಸರ ಸಚಿವಾಲಯ 8,000ದವರೆಗಿನ ಮಣ್ಣನ್ನು ರಸ್ತೆ, ಒಡ್ಡುಗಳ ಅಡಿಯಲ್ಲಿ ಬಳಸಬಹುದು ಎಂದಿತು. ಒಟ್ಟು ಮಣ್ಣಿನ ಮುಕ್ಕಾಲು ಪಾಲು ಆ ಮಿತಿಯೊಳಗೇ ಬರುತ್ತದೆ. ಮೇಲೆ ಒಳ್ಳೆಯ ಮಣ್ಣು ಹೊದಿಸಿ, ಯಾರ ಹೊಣೆ ಎಂದು ಗೊತ್ತಿರುವ ಕಡೆ ಮಾತ್ರ ಎಂಬುದು ಸಮರ್ಥನೆ. ತಾಂತ್ರಿಕವಾಗಿ ಒಪ್ಪಬಹುದಾದ ಮಾತೇ. ಆದರೆ ಎಂಬತ್ತು ಪಟ್ಟು ವ್ಯತ್ಯಾಸ ಕಣ್ಣಿಗೆ ಹೊಡೆಯುವಾಗ ಷರತ್ತು ಓದುವವರು ಎಷ್ಟು ಜನ? ತೋಕಿಯೊದ ಶಿಂಜುಕು ಉದ್ಯಾನದಲ್ಲಿ, ಪಕ್ಕದ ಸೈತಾಮಾ ಪ್ರಾಂತ್ಯದ ತೊಕೊರೊಜಾವಾ ನಗರದಲ್ಲಿ ಪ್ರಯೋಗಕ್ಕೆ ಹೊರಟಾಗ ಸ್ಥಳೀಯರು ತಡೆದರು.

ಕೊನೆಗೆ 2025ರ ಜುಲೈಯಲ್ಲಿ ಆ ಮಣ್ಣು ಪ್ರಧಾನಿ ಕಚೇರಿಯ ಅಂಗಳಕ್ಕೇ ಬಂತು. ಹೂದೋಟದಲ್ಲಿ ಗುಂಡಿ ತೋಡಿ, ತುಂಬಿ, ಮೇಲೆ ಬೇರೆ ಮಣ್ಣು ಹಾಸಿ ಮುಚ್ಚಿದರು. ತಂದದ್ದು ಎರಡು ಘನ ಮೀಟರ್.